ಸೊಂಟಕ್ಕೆ ಸಿಕ್ಕಿಸಿದ ಸೆರಗು

ಲಲಿತಾಬಾಯಿ ಪಡಸಾಲೆಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಸೊಸೆ ಶಿವಕಾಂತಾ ಎದುರಿಗೆ ಕುಳಿತು ಹರಳು ಆರಿಸಿ ಅಂಗಳಕ್ಕೆ ಎಸೆಯುತ್ತಿದ್ದಳು. ಅಷ್ಟರಲ್ಲಿ ಓಣಿಯ ತುದಿಯಿಂದ ಫಟ್ ಫಟ್ ಎಂಬ ಸದ್ದು ಬಂತು. ಕೋಳಿಗಳು ದಿಕ್ಕಾಪಾಲಾದವು. ಎದುರು ಮನೆಯ ಗುಂಡಮ್ಮ ಹೆದರಿ ಬಾಗಿಲು ಮುಚ್ಚಿಕೊಂಡಳು, ಆದರೆ ನೋಡದೆ ಇರಲಾರದೆ ಕಿಟಕಿ ತೆರೆದಳು. ನಿಜಾಮರ ಆ ಕಾಲದಲ್ಲಿ ಬೀದರಿನ ಮೈಲೂರಿನಂಥ ಕಡೆ ಮೋಟಾರಿನ ಸದ್ದು ಕೇಳಿದರೆ ಯಾರೋ ದೊಡ್ಡ ಅಧಿಕಾರಿ ಬಂದರೆಂದೇ ಜನ ತಿಳಿಯುತ್ತಿದ್ದರು.

ಬಂದವನು ಅಧಿಕಾರಿಯಲ್ಲ, ರಸ್ತೆ ಗುತ್ತೇದಾರರ ಮಗ ಗುಲಾಮ ರಸೂಲ. ಲಲಿತಾಬಾಯಿಯ ಮಗ ಶಿವರಾಜಪ್ಪನ ಜೊತೆಗೇ ಸಾಲಿ ಕಲಿತವನು. ಚಿಕ್ಕಂದಿನಲ್ಲಿ ಈ ಮನೆಯ ಕಟ್ಟೆಯ ಮೇಲೆ ಕುಳಿತು ಅವಳ ಕೈಯ ರೊಟ್ಟಿ ತಿಂದೇ ದೊಡ್ಡವನಾಗಿದ್ದ.

"ಹೆದರಬ್ಯಾಡ್ರಿ ಅವ್ವಾರ, ನಾನರಿ. ಫಟಫಟಿ ತಂದೀನಿ."

ಶಿವರಾಜಪ್ಪ ಬರಿಗಾಲಲ್ಲೇ ಹೊರಗೆ ಓಡಿದ. ಕಪ್ಪು ಬಣ್ಣದ ಆ ಮೋಟಾರ್ ಸೈಕಲ್ಲು ನಿಂತಲ್ಲೇ ನಡುಗುತ್ತಿತ್ತು. ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಪೆಟ್ರೋಲಿನ ಟಾಕಿಯನ್ನು ಮೆಲ್ಲಗೆ ಸವರಿದ. ಅಪ್ಪನ ಅಂಗಡಿಯ ಬಟ್ಟೆಯ ಥಾನುಗಳನ್ನು ಅವನು ಒಂದು ದಿನವೂ ಹಾಗೆ ಸವರಿದ್ದಿಲ್ಲ.

"ಒಂದ ಸಲ ಕೊಡೋ. ಜನವಾಡದ ಹಾದಿ ಹಿಡದು ಹೋಗಿ ಬರ್ತೇನಿ."

"ಕೊಡ್ಲಾಕಂತಲೇ ತಂದೀನಿ ದೋಸ್ತ. ಖರೇ, ಇದರ ಮಿಜಾಜ ಬ್ಯಾರೆ ಅದ. ಸಿಕಂದರಾಬಾದಿನ ಗೋರಾ ಸಾಹೇಬ ರೇಸಿಗೆ ಅಂತ ಇಟ್ಟಿದ್ದ. ಹಿಡಿಕಿ ಒಂದೀಟು ತಿರುವಿದರ ಸಾಕು, ಹಾರ್ತದ."

ಶಿವರಾಜಪ್ಪ ಒಬ್ಬನೇ ಹೋಗಿ ಬಂದ. ಮೀಸೆಯ ಮೇಲೆಲ್ಲ ಕೆಂಪು ಮಣ್ಣು, ಮುಖದಲ್ಲಿ ಮಾತ್ರ ಹಬ್ಬದ ಕಳೆ. ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದ ಶಿವಕಾಂತಾ ಅತ್ತೆಯ ಸೆರಗು ಹಿಡಿದು ಜಗ್ಗಿದಳು.

"ಅತ್ತೀ, ನಾನೂ ಒಂದ ಸಲ ಕುಂದರ್ಲಿ?"

ಹುಡುಗಿ ಭಾಲ್ಕಿಯವಳು. ತವರಿನಲ್ಲಿ ಹುಣಸೆ ಮರ ಹತ್ತಿ ಬೈಸಿಕೊಂಡು ಬೆಳೆದವಳು. ಈ ಮನೆಗೆ ಬಂದ ಮೇಲೆ ಅವಳು ಕಂಡದ್ದು ಒಲೆ, ಬಾವಿ, ಸೋಮವಾರದ ಗುಡಿ. ಹಾಗಂತ ಅತ್ತೆ ಕೆಟ್ಟವಳಲ್ಲ. ಹೆಣ್ಣುಮಕ್ಕಳಿಲ್ಲದ ಲಲಿತಾಬಾಯಿಗೆ ಈ ಸೊಸೆಯ ಮೇಲೆ ಜೀವ. ಕೆನೆಮೊಸರು ಗಂಡನ ತಾಟಿಗಿಂತ ಮೊದಲು ಸೊಸೆಯ ತಾಟಿಗೆ ಬೀಳುತ್ತಿತ್ತು. ತಾನು ಮದುಮಗಳಾಗಿ ಪರದೆ ಕಟ್ಟಿದ ಬಂಡಿಯಲ್ಲಿ ಬೀದರಿಗೆ ಬಂದದ್ದು, ಇಷ್ಟು ಹತ್ತಿರದ ಕಿಲ್ಲೆಯನ್ನು ಕಣ್ತುಂಬ ನೋಡಲು ಎಷ್ಟೋ ವರ್ಷ ಕಾದದ್ದು ಅವಳಿಗೆ ನೆನಪಾಯಿತು. ಗಂಡ ಮನ್ಮಥಪ್ಪ ಅಂಗಡಿಯಲ್ಲಿದ್ದರು. ಇದೇ ಸಮಯ ಅನಿಸಿತು.

"ಹೋಗಿ ಬಾ. ಆದ್ರ ಲಗೂನ ಬರ್ರಿ," ಎಂದಳು.

ಶಿವಕಾಂತಾ ಚಂಗನೆ ಹೊರಗೆ ಬಂದು ಗಾಡಿಯ ಹಿಂದೆ ಒಂದು ಮಗ್ಗುಲಾಗಿ ಕುಳಿತಳು. ಗುಲಾಮ ರಸೂಲ ನೆಲ ನೋಡುತ್ತಲೇ ಹೇಳಿದ: "ವೈನಿ, ಸೆರಗ ಸೊಂಟಕ್ಕ ಗಟ್ಟಿ ಸಿಕ್ಕಿಸ್ಕೊಳ್ರಿ. ಕೆಳಗ ಗಾಲಿ ಅದ, ಸರಪಳಿ ಅದ. ಬಟ್ಟಿ ಜೋತಾಡಬಾರದ್ರಿ."

ಅವಳು ನಗುತ್ತ ಸೆರಗನ್ನು ಬಿಗಿಯಾಗಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು. ತಲೆಯ ಮೇಲಿನದು ಹಿಂದಕ್ಕೆ ಸರಿದು ಮುಖ ಪೂರ್ತಿ ಕಂಡಿತು.

ಎದುರಿನ ಕಿಟಕಿಯಿಂದ ಗುಂಡಮ್ಮನ ದನಿ ಬಂತು. "ಲಲಿತಕ್ಕಾ, ನಿಮ್ಮ ಸೊಸಿ ಹೊಲದಾಗ ಕಳೆ ತೆಗಿಯಾಕ ಹೊಂಟಾಳೇನ, ಸೆರಗ ಕಟ್ಟಿಕೊಂಡು?"

ಮಾತು ನಗೆಚಾಟಿಕೆಯದೇ. ಆದರೆ ಅದು ನೆಡಬಾರದಲ್ಲೇ ನೆಟ್ಟಿತು. ಸೆರಗು ಸೊಂಟಕ್ಕೆ ಕಟ್ಟುವುದು ಕೂಲಿಗೆ ಹೋಗುವ ಹೆಂಗಸರು. ದೊಡ್ಡ ಮನೆತನದ ಸೊಸೆಯ ಸೆರಗು ಮುಖದ ಮೇಲೆ ಇಳಿದು, ತುದಿ ಬೆನ್ನ ಹಿಂದೆ ಬಿಡುವಾಗಿ ಇರಬೇಕು. ಇದನ್ನು ಲಲಿತಾಬಾಯಿಗೆ ಅವಳ ಅತ್ತೆ ಕಲಿಸಿದ್ದು, ಆ ಅತ್ತೆಗೆ ಅವಳ ಅತ್ತೆ. ಮೇಲಾಗಿ ಓಣಿಯ ತುದಿಯ ಗುಡಿಕಟ್ಟೆಯ ಮೇಲೆ ಹಿರಿಯರು ಕುಳಿತಿರುತ್ತಾರೆ. ಗಂಡನ ಅಣ್ಣ ಮಲ್ಲಿಕಾರ್ಜುನಪ್ಪನವರೂ ಅಲ್ಲೇ ಇರುತ್ತಾರೆ. ಗಾಡಿ ಅವರ ಮುಂದೆಯೇ ಹಾಯ್ದು ಹೋಗಬೇಕು.

ಲಲಿತಾಬಾಯಿ ಮೆಟ್ಟಿಲಿಳಿದು ಬಂದಳು. ಸೊಸೆಯ ಸೊಂಟದಿಂದ ಸೆರಗನ್ನು ತಾನೇ ಎಳೆದು ಬಿಚ್ಚಿದಳು. ಎದೆಯವರೆಗೆ ಬರುವಂತೆ ಮುಸುಕು ಹಾಕಿ, ತುದಿಯನ್ನು ಹಿಂದೆ ಇಳಿಬಿಟ್ಟಳು.

"ಅವ್ವಾರ, ಜರಾ ಕೇಳ್ರಿ..." ಎಂದ ಗುಲಾಮ ರಸೂಲ.

"ನೀ ಸುಮ್ನಿರಪ್ಪ. ನಿಮ್ಮ ಮನ್ಯಾಗ ಬುರ್ಖಾ ಇಲ್ಲೇನು? ನಮ್ಮ ಮನಿ ರಿವಾಜ ನಮಗ."

ಇನ್ನೊಬ್ಬರ ಮನೆಯ ಹೆಣ್ಣುಮಕ್ಕಳ ಸೆರಗಿನ ವಿಷಯ ಗುಲಾಮ ರಸೂಲ ಎಷ್ಟಂತ ಆಡಿಯಾನು? ಗೆಳೆಯನ ಹೆಗಲು ಹಿಡಿದು, "ಸಾವಕಾಶ ಹೋಗು, ಶಿವರಾಜ," ಎಂದಷ್ಟೇ ಅಂದ.

"ಹ್ಞೂಂ, ಹ್ಞೂಂ," ಎಂದ ಶಿವರಾಜಪ್ಪ. ಹರೆಯದ ಹುಡುಗ, ಹಿಂದೆ ಹೊಸ ಹೆಂಡತಿ, ಕೈಯಲ್ಲಿ ಅಂಥ ಗಾಡಿ. ಅವನಿಗೆ ಆ ಮಾತು ಕೇಳಿಸಿತ್ತೋ ಇಲ್ಲವೋ.

"ಮುಸುಕ ಬಿಡಬ್ಯಾಡ ನೋಡು," ಎಂದು ಲಲಿತಾಬಾಯಿ ಕೂಗಿ ಹೇಳಿದಳು.

"ಬಿಡೂದಿಲ್ಲರಿ ಅತ್ತೀ!"

ಒಂದು ಕೈ ಮುಸುಕು ಹಿಡಿಯುವುದಕ್ಕೇ ಹೋಯಿತು, ಗಾಡಿ ಹಿಡಿಯಲು ಉಳಿದದ್ದು ಇನ್ನೊಂದೇ ಕೈ. ಗಾಡಿ ಹೊರಟಾಗ ಮುಸುಕಿನೊಳಗಿಂದ ಕಿಲಕಿಲ ನಗು ಕೇಳಿತು. ಓಣಿಯ ತಿರುವಿನವರೆಗೂ ಆ ನಗು ಕೇಳುತ್ತಲೇ ಇತ್ತು.

ಲಲಿತಾಬಾಯಿ ಜೋಳ ಹಸನು ಮಾಡಿ ಮುಗಿಸಿದಳು. ಹಿಟ್ಟು ನಾದಲು ನೀರು ಕಾಯಿಸಿದಳು. ಕಟ್ಟೆಯ ಮೇಲೆ ಕುಳಿತಿದ್ದ ಗುಲಾಮ ರಸೂಲ ಎದ್ದು ನಿಂತ, ಕುಳಿತ, ಮತ್ತೆ ಎದ್ದ. ಕೊನೆಗೆ ಓಣಿಯ ಆಚೆ ಓಡಿಯೇ ಹೋದ. ಫಟಫಟಿಯ ಸದ್ದು ಬರಲಿಲ್ಲ. ಸಂಜೆಯ ಬಿಸಿಲಲ್ಲಿ ಒಂದು ಎತ್ತಿನ ಬಂಡಿ ಬಂತು. ಬಂಡಿಯ ಪಕ್ಕದಲ್ಲಿ ಶಿವರಾಜಪ್ಪ ನಡೆಯುತ್ತಿದ್ದ. ಮೊಣಕೈ, ಮೊಣಕಾಲು ತರಚಿ ಹೋಗಿದ್ದವು, ಅದರ ಪರಿವೆ ಅವನಿಗಿರಲಿಲ್ಲ. ಬಂಡಿಯಲ್ಲಿ ಜೋಳದ ಕಣಿಕೆಯ ಮೇಲೆ ಶಿವಕಾಂತಾ ಮಲಗಿದ್ದಳು. ಜನವಾಡದ ಹಾದಿಯಲ್ಲಿ ಗಾಡಿಯನ್ನು ಜೋರು ಬಿಟ್ಟಾಗ ಸೆರಗಿನ ತುದಿ ಗಾಲಿಗೆ ಸುತ್ತಿಕೊಂಡು ಕತ್ತನ್ನು ಎಳೆದಿತ್ತು. ಗಾಡಿಯ ಅಬ್ಬರದಲ್ಲಿ ಅವಳು ಕೂಗಿದ್ದೂ ಗಂಡನಿಗೆ ಕೇಳಿರಲಿಲ್ಲ.

ಲಲಿತಾಬಾಯಿ ಎದೆ ಎದೆ ಬಡಿದುಕೊಂಡು ಅತ್ತಳು. ಸೊಸೆಯ ಮುಷ್ಟಿಯಲ್ಲಿ ಹರಿದ ಮುಸುಕಿನ ಚೂರು ಇನ್ನೂ ಹಾಗೇ ಇತ್ತು. ಅದನ್ನು ಬಿಡಿಸಲು ಬಹಳ ಹೊತ್ತು ಹಿಡಿಯಿತು.

ಮಣ್ಣು ಕೊಡುವ ದಿನ ಭಾಲ್ಕಿಯಿಂದ ತವರಿನವರು ಬಂದರು. ವಿಭೂತಿ ಹಚ್ಚಿ ಕೂಡಿಸಿದ ಆ ಎಳೆಯ ದೇಹದ ಮುಂದೆ ಮಲ್ಲಿಕಾರ್ಜುನಪ್ಪನವರು ಕಣ್ಣೊರೆಸಿಕೊಂಡು, "ಕೊನಿತನಕ ಮುಸುಕ ಬಿಡಲಿಲ್ಲ ನೋಡ್ರಿ. ಛಲೋ ಮನಿತನದ ಕೂಸು," ಎಂದರು. ಕೂಡಿದ ಜನ ಹೌದು ಹೌದು ಎಂದಿತು. ಅವರು ಒಳ್ಳೆಯ ಮಾತೇ ಆಡಿದ್ದರು. ಆದರೆ ಅದನ್ನು ಕೇಳಿ ಲಲಿತಾಬಾಯಿ ಹೆಂಗಸರ ಹಿಂದೆ ಸರಿದಳು. ಶಿವಕಾಂತಾಳ ಹೆತ್ತ ತಾಯಿ ಗುರಮ್ಮ ಬಂದು ಅವಳ ಕೈ ಹಿಡಿದು, "ನಾನೇ ಹೇಳಿ ಕಳಿಸಿದ್ದೆರಿ, ಅತ್ತಿ ಮನ್ಯಾಗ ಸೆರಗ ಜಾರಬಾರದು ಅಂತ. ಜಾರಿಸಲಿಲ್ಲ ನನ್ನ ಮಗಳು," ಎಂದು ಗೋಳಾಡಿದಳು.

ಜನಕ್ಕೆ ತಪ್ಪು ಹೊರಿಸಲು ಒಬ್ಬರು ಬೇಕು. ಗುಡಿಕಟ್ಟೆಯ ಮೇಲೆ ತೀರ್ಮಾನವಾಯಿತು: ಗುತ್ತೇದಾರರ ಮಗ ಸೈತಾನ ಗಾಡಿ ತಂದ, ಒಂದು ಮನೆಯ ದೀಪ ಆರಿಸಿದ. "ಆ ಹುಡುಗ ನನ್ನ ಹೊಸ್ತಿಲಕ ಬರಬಾರದು," ಎಂದರು ಮನ್ಮಥಪ್ಪ. "ಅವಂದೇನ ತಪ್ಪಪ್ಪಾ? ಓಡಿಸಿದವ ನಾನು. ಸಾವಕಾಶ ಹೋಗಂತ ಅಂವ ಹೇಳಿದ್ದ," ಎಂದು ಶಿವರಾಜಪ್ಪ ಅಳುತ್ತ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗುಲಾಮ ರಸೂಲ ಗಾಡಿ ಮಾರಿದ. ಮೈಲೂರಿನ ಆ ಓಣಿಯನ್ನೇ ಬಿಟ್ಟ. ಒಳಗಿನ ಕೋಣೆಯಲ್ಲಿ ಕುಳಿತ ಲಲಿತಾಬಾಯಿ ಎಲ್ಲ ಕೇಳಿದಳು. ಸೆರಗು ಬಿಚ್ಚಿದ ಕೈ ಯಾವುದೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಂದಿನಿಂದ ಕೆನೆಮೊಸರು ತನ್ನ ತಾಟಿಗೆ ಬಿದ್ದರೆ ಅವಳು ಅನ್ನವನ್ನೇ ಬಿಟ್ಟು ಏಳುತ್ತಿದ್ದಳು.

ಶಿವರಾಜಪ್ಪ ಮರುಮದುವೆ ಬೇಡ ಬೇಡವೆಂದು ಬಹಳ ದಿನ ತಳ್ಳಿದ. ಹಿರಿಯರು ಬಿಡಲಿಲ್ಲ. ಔರಾದಿನಿಂದ ಸುಂದರಬಾಯಿ ಎಂಬ ಮೆತ್ತನೆಯ ಹುಡುಗಿ ಸೊಸೆಯಾಗಿ ಬಂದಳು. ಅವಳು ಕೈಕೆಲಸದಲ್ಲಿ ಚುರುಕು, ಮಾತು ಕಡಿಮೆ. ಮುಸುಕು ಮಾತ್ರ ಎದೆಯವರೆಗೆ. ಅದನ್ನು ನೋಡಿದಾಗಲೆಲ್ಲ ಲಲಿತಾಬಾಯಿ ಮುಖ ತಿರುಗಿಸುತ್ತಿದ್ದಳು. ಸೊಸೆಯನ್ನು ಕಂಡರೆ ಅತ್ತೆಗೆ ಆಗದು ಎಂದೇ ಓಣಿಯವರು ಮಾತಾಡಿಕೊಂಡರು.

ನಾಗರ ಪಂಚಮಿ ಬಂತು. ಸುಂದರಬಾಯಿಯನ್ನು ತವರಿಗೆ ಕರೆದೊಯ್ಯಲು ಅಣ್ಣ ಟಾಂಗಾ ತಂದು ಗುಡಿಕಟ್ಟೆಯ ಹತ್ತಿರ ನಿಲ್ಲಿಸಿದ್ದ. ಕಟ್ಟೆಯ ಮೇಲೆ ಮನ್ಮಥಪ್ಪ, ಮಲ್ಲಿಕಾರ್ಜುನಪ್ಪ, ಇನ್ನೂ ಕೆಲವರು ಕುಳಿತಿದ್ದರು. ಉಂಡಿ ಕಟ್ಟಿದ ಗಂಟು ಹಿಡಿದು ಲಲಿತಾಬಾಯಿ ಹಿಂದೆ ಬಂದಳು. ಸುಂದರಬಾಯಿ ಟಾಂಗಾದ ಹಿಂದೆ ಕುಳಿತಳು. ಮುಸುಕು ಎಳೆದುಕೊಂಡಳು. ಸೆರಗಿನ ತುದಿ ಜಾರಿ ಗಾಲಿಯ ಅರಗಳ ಪಕ್ಕದಲ್ಲಿ ಜೋತಾಡತೊಡಗಿತು. ಶಿವರಾಜಪ್ಪನ ಕಣ್ಣು ಅಲ್ಲೇ ನೆಟ್ಟಿತು. ಆದರೆ ಅಪ್ಪ, ದೊಡ್ಡಪ್ಪನ ಕಡೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

ಅದೇ ಹೊತ್ತಿಗೆ ದೊಡ್ಡ ಹಾದಿಯಲ್ಲಿ ಸೈಕಲ್ಲಿನ ಮೇಲೆ ಯಾರೋ ಹೋಗುತ್ತಿದ್ದರು. ಇವರನ್ನು ಕಂಡು ತಲೆ ತಗ್ಗಿಸಿ ಜೋರಾಗಿ ತುಳಿದರು. ಅವನು ಗುಲಾಮ ರಸೂಲನೇ, ಬಡಕಲಾಗಿದ್ದ.

"ನಿಲ್ಲೋ ಗುಲಾಮಾ!" ಎಂದು ಲಲಿತಾಬಾಯಿ ಕೂಗಿದಳು.

ಕಟ್ಟೆಯ ಮೇಲಿನವರೆಲ್ಲ ಗಕ್ಕನೆ ತಿರುಗಿ ನೋಡಿದರು. ಆ ಹೆಂಗಸು ಹಿರಿಯರ ಎದುರು ದನಿ ಎತ್ತಿದ್ದನ್ನು ಅವರು ಕಂಡೇ ಇರಲಿಲ್ಲ. ಅವಳು ಉಂಡಿಯ ಗಂಟನ್ನು ಟಾಂಗಾದೊಳಗೆ ಇಟ್ಟಳು. ಸೊಸೆಯ ಮುಸುಕನ್ನು ಎರಡೂ ಕೈಯಿಂದ ಹಿಂದಕ್ಕೆ ಸರಿಸಿದಳು. ಜೋತಾಡುತ್ತಿದ್ದ ತುದಿಯನ್ನು ಬಾಚಿ ತಂದು, ಬಿಗಿಯಾಗಿ ಸುತ್ತಿ, ಸೊಂಟಕ್ಕೆ ಸಿಕ್ಕಿಸಿದಳು.

"ಏನವ್ವಾ ಇದು? ಹಿರೇರ ಮುಂದ ಸೊಸಿ ಮಾರಿ ತೆರೀತಿ?" ಎಂದರು ಮಲ್ಲಿಕಾರ್ಜುನಪ್ಪ.

ಮದುವೆಯಾಗಿ ಬಂದಾಗಿನಿಂದ ಲಲಿತಾಬಾಯಿ ಭಾವನೆದುರು ನಿಂತು ಮಾತಾಡಿದವಳಲ್ಲ. ಅವಳ ತಲೆಯ ಮೇಲಿನ ಸೆರಗು ಜಾರಿತ್ತು. ಸರಿಪಡಿಸಿಕೊಳ್ಳಲಿಲ್ಲ.

"ತೆರದೀನ್ರಿ. ಆ ದಿನಾ ನನ್ನ ಶಿವಕಾಂತಾ ಸೆರಗ ಹಿಂಗೇ ಸಿಕ್ಕಿಸಿದ್ದಳು. ಹಂಗ ಸಿಕ್ಕಿಸ್ಕೊಳ್ರಿ ಅಂತ ಈ ಹುಡುಗನೇ ಹೇಳಿದ್ದ. ನೀವು ಇಲ್ಲಿ ಕುಂತೀರಿ ಅಂತ ನಾನೇ ಬಿಚ್ಚಿದೆ. ನನ್ನ ಕೈಲೇ ಬಿಚ್ಚಿದೇನ್ರಿ." ಗುಲಾಮ ರಸೂಲನ ಕಡೆ ಕೈ ತೋರಿಸಿದಳು. "ಇವನ ತಪ್ಪಲ್ಲರಿ. ನನ್ನ ಕೂಸಿನ ಕೊರಳಿಗೆ ನಾನೇ ಉರುಲ ಹಾಕಿ ಕಳಿಸಿದೆ."

ಮನ್ಮಥಪ್ಪ ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡು ನೆಲ ನೋಡಿದರು. ಸೈಕಲ್ಲು ಹಿಡಿದುಕೊಂಡೇ ಗುಲಾಮ ರಸೂಲ ಬಿಕ್ಕಿದ. ಶಿವರಾಜಪ್ಪ ಹೋಗಿ ಅವನ ಪಕ್ಕದಲ್ಲಿ ನಿಂತ. ಹೆಗಲ ಮೇಲೆ ಕೈ ಹಾಕಲು ಇನ್ನೂ ಧೈರ್ಯ ಸಾಲಲಿಲ್ಲ.

ಲಲಿತಾಬಾಯಿ ಸಿಕ್ಕಿಸಿದ ಸೆರಗನ್ನು ಒಮ್ಮೆ ಜಗ್ಗಿ ನೋಡಿದಳು. ಗಟ್ಟಿಯಾಗಿತ್ತು. ಮತ್ತೊಮ್ಮೆ ಜಗ್ಗಿದಳು.

"ಎರಡೂ ಕೈಲೇ ಗಾಡಿ ಹಿಡಕೋ ಮಗಳ. ಸಾವಕಾಶ ಹೋಗಿ ಬಾ."

"ಹ್ಞೂಂರಿ ಅತ್ತೀ," ಎಂದಳು ಸುಂದರಬಾಯಿ. ಅವಳ ಕೆನ್ನೆಯ ಮೇಲೊಂದು ಮಚ್ಚೆ ಇರುವುದನ್ನು ಲಲಿತಾಬಾಯಿ ಅಂದೇ ಮೊದಲು ನೋಡಿದ್ದು.

ಟಾಂಗಾ ಹೊರಟಿತು. ಹಿಂದೆ ಕುಳಿತ ಹುಡುಗಿಯ ಮುಖ ದಾರಿ ತಿರುಗುವವರೆಗೂ ಕಾಣುತ್ತಿತ್ತು. ಲಲಿತಾಬಾಯಿ ಕಣ್ಣು ಕೀಳದೆ ನೋಡಿದಳು. ಶಿವಕಾಂತಾ ಹೋಗುವಾಗ ಅವಳಿಗೆ ಕೇಳಿಸಿದ್ದು ನಗು ಮಾತ್ರ. ಮುಸುಕಿನೊಳಗೆ ನಗುತ್ತಿದ್ದ ಆ ಮುಖವನ್ನು ಕೊನೆಯ ಸಲ ನೋಡಲು ಅವಳಿಗೆ ಆಗಿರಲಿಲ್ಲ.