ತುಂಬಿದ ಕೊಡದ ನಡಿಗೆ

“ಎದೆ ಸೀಳಿದ್ರೆ ಮೂರಕ್ಷರ ಇಲ್ಲ, ಇವನಿಗೆ ದೋಣಿ ಬೇರೆ ಕೇಡು!”

ದೋನ್ ಫಿಲೆಮೋನ್ ಇದನ್ನು ಗುಟ್ಟಾಗಿ ಹೇಳಲಿಲ್ಲ. ಬೆಳಗಿನ ಜಾವ ದೋಣಿಕಟ್ಟೆಯ ಮೇಲೆ, ಎಂಟು ಜನ ಗೈಡುಗಳು ಮೋಟಾರಿಗೆ ಪೆಟ್ರೋಲ್ ಹಾಕುತ್ತಿದ್ದಾಗ, ಅಮೆರಿಕದ ಅತಿಥಿಗಳು ಕಾಫಿ ಲೋಟ ಹಿಡಿದು ನಿಂತಿದ್ದಾಗ, ಆಚೆ ದಡಕ್ಕೂ ಕೇಳುವಂತೆ ಹೇಳಿದ. ಹೇಳಿ ಅಷ್ಟಕ್ಕೇ ಬಿಡಲಿಲ್ಲ. ನಬೋರನ ದೋಣಿಯ ಮೂತಿಯಲ್ಲಿದ್ದ ಪುಟ್ಟ ಪರದೆಯನ್ನು ಬೆರಳಿನಿಂದ ತಟ್ಟಿದ.

“ನೀರಿನ ಅಡಿಯ ಮೀನು, ಮರ, ಕಲ್ಲು ಎಲ್ಲ ತೋರ್ಸೋ ಯಂತ್ರ ಕಣ್ರೋ ಇದು. ಇವನ ಕೈಗೆ ಕೊಟ್ಟಿದ್ದು ಕತ್ತೆಗೆ ಕನ್ನಡಿ ಕೊಟ್ಟ ಹಾಗಾಯ್ತು. ನಿನ್ನೆ ಎಷ್ಟು ಹಿಡ್ಸಿದೆಯೋ ನಬೋರ್? ಎರಡು! ಎರಡೂ ಸೇರ್ಸಿ ಹುರಿದ್ರೂ ನನ್ನ ಬೆಕ್ಕಿಗೆ ಸಾಲಲ್ಲ.”

ಗೈಡುಗಳು ನಕ್ಕರು. ಮಾತು ತಿಳಿಯದ ಅತಿಥಿಗಳೂ ನಕ್ಕರು. ನಬೋರನ ಕಿವಿ ಕಾದ ಹೆಂಚಾಯಿತು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು ಒಂದು ಧರ್ಮಛತ್ರ ಇದ್ದ ಹಾಗೆ. ಯಾರು ಬೇಕಾದರೂ ಒಳಗೆ ಬಂದು ಕಾಲು ಚಾಚಬಹುದು. ಬಾಯಿ ತೆರೆದರೆ ಕೈಯೂ ಏಳುತ್ತದೆ ಎಂದು ಗೊತ್ತಿದ್ದ ನಬೋರ್ ಹಲ್ಲು ಕಚ್ಚಿಕೊಂಡು ಹಗ್ಗ ಬಿಚ್ಚಿದ.

ಲಾ ಹಿಗೇರಾ ಸರೋವರದ ದಡದಲ್ಲಿ, ಗಾಳ ಹಾಕುವ ಮೋಜಿಗೆ ಬರುವವರ ಆ ಬಿಡಾರದಲ್ಲಿ ಫಿಲೆಮೋನ್ ಹಿರಿಯ ಗೈಡ್. ಯಾರಿಗೆ ದೋಣಿ, ಯಾರಿಗೆ ಇಲ್ಲ ಎನ್ನುವುದು ಅವನ ನಾಲಿಗೆಯ ಮೇಲಿತ್ತು. ನಬೋರನಿಗೆ ಅವನು ಎಲ್ಲರ ಮುಂದೆ ಮೂರು ದಿನದ ಗಡುವು ಕೊಟ್ಟಿದ್ದ. ಅಗಲ ಬಾಯಿಯ ಲೋಬಿನಾ ಮೀನು, ಅಮೆರಿಕದವರು ಬಾಸ್ ಎನ್ನುತ್ತಾರಲ್ಲ, ಅದರಲ್ಲಿ ಹತ್ತು ಪೌಂಡ್ ದಾಟಿದ್ದನ್ನು ಒಂದಾದರೂ ತನ್ನ ಅತಿಥಿಗೆ ಹಿಡಿಸಿಕೊಟ್ಟರೆ ದೋಣಿ ಅವನದು. ಇಲ್ಲದಿದ್ದರೆ ಕುಲಿಯಾಕಾನ್ ಬಯಲಿನ ಟೊಮ್ಯಾಟೊ ತೋಟಕ್ಕೆ ವಾಪಸು, ಬೆನ್ನು ಬಗ್ಗಿಸಿ, ಔಷಧಿಯ ವಾಸನೆ ಕುಡಿದುಕೊಂಡು. ಅಂದು ಎರಡನೆಯ ದಿನ.

ಅವನ ಪಾಲಿಗೆ ಬಂದ ಅತಿಥಿ ವೆಂಡೆಲ್, ಟೆಕ್ಸಾಸಿನ ಎಪ್ಪತ್ತು ದಾಟಿದ ಮುದುಕ. ಜೀವಮಾನವೆಲ್ಲ ವೆಲ್ಡಿಂಗ್ ಮಾಡಿ ಬೆರಳ ತುದಿಗಳನ್ನು ಸುಟ್ಟುಕೊಂಡವನು. ಹನ್ನೊಂದು ವರ್ಷದಿಂದ ಪ್ರತಿ ಫೆಬ್ರವರಿಗೆ ಬರುತ್ತಿದ್ದರೂ ಒಂಬತ್ತೂವರೆ ಪೌಂಡಿನ ಮೇಲೆ ಒಂದನ್ನೂ ಎತ್ತಿರಲಿಲ್ಲ. ದೋಣಿ ಕಟ್ಟೆಯಿಂದ ದೂರವಾದ ಮೇಲೆ ತನ್ನ ಮುರುಕು ಭಾಷೆಯಲ್ಲಿ ಹೇಳಿದ:

“ಅವನು ಕೆಟ್ಟ ಬಾಯಿ. ನೀನು ಒಳ್ಳೆ ದೋಣಿ.”

ಒಳ್ಳೆ ದೋಣಿಗೆ ಆ ಬೆಳಿಗ್ಗೆ ಸಿಕ್ಕಿದ್ದು ಮೂರು ಪೌಂಡಿನ ಒಂದು ಮರಿ.

ಬಿಸಿಲೇರಿದಾಗ ದೋಣಿಗಳೆಲ್ಲ ಊಟಕ್ಕೆ ಮರಳುವುದು ಅಲ್ಲಿನ ರೂಢಿ. ಅತಿಥಿಗಳು ಉಂಡು ಮಲಗಿದರೆ ಏಳುವುದು ಮೂರು ಗಂಟೆಗೆ. ನಬೋರ್ ಅಡುಗೆಮನೆಗೆ ಹೋಗಿ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದ. ದೋನ್ಯಾ ಕೂಕಾ ಹೆಂಚಿನ ಮೇಲಿದ್ದ ಜೋಳದ ರೊಟ್ಟಿಯನ್ನು ಬರಿಗೈಯಲ್ಲಿ ಮಗುಚುತ್ತ ತಿರುಗಿ ನೋಡಿದಳು. ಬಿಡಾರದ ಅಡುಗೆಯವಳು, ಅರವತ್ತೈದರ ಹೆಂಗಸು, ಕತ್ತು ಮಾತ್ರ ಇನ್ನೂ ಕಂಬದ ಹಾಗೆ ನೆಟ್ಟಗೆ.

“ತಟ್ಟೆ ನಿನಗೇನು ಮಾಡ್ತೋ?”

“ಏಟು ತಟ್ಟೆಗಲ್ಲ ಅತ್ತೆ, ಆ ಫಿಲೆಮೋನನ ಮೂತಿಗೆ.”

“ಮೂತಿಗಾದ್ರೆ ಮೂತಿಗೇ ಹೊಡಿ. ತಟ್ಟೆ ತೊಳೆಯೋಳು ನಾನು.”

“ಒಳ್ಳೊಳ್ಳೆ ಜಾಗ ಎಲ್ಲ ಹಳಬರು ಹಂಚ್ಕೊಂಡವ್ರೆ. ನನಗೆ ಉಳಿದಿರೋದು ನೀರಿಂದ ತಲೆ ಎತ್ತಿರೋ ಹಾಸುಬಂಡೆ ಎದುರಿನ ಮುಳುಗಿದ ಜಾಲಿಕಾಡು. ಅಲ್ಲಿ ಗಾಳ ಬಿಟ್ರೆ ಮರ ಕಚ್ಚುತ್ತೆ, ಮೀನಲ್ಲ. ಫಿಲೆಮೋನನ ಯಂತ್ರಕ್ಕೂ ಅಲ್ಲಿ ಬರೀ ಗಡ್ಡದ ಹಾಗೆ ಕಾಣುತ್ತಂತೆ.”

“ಜಾಲಿಕಾಡಾ?” ಕೂಕಾಳಿಗೆ ನಗು ಬಂತು. “ಅದು ಉರೀಯಾಸರ ಮನೆಯ ಆಡು ಮೇಯೋ ಕಾವಲು ಕಣೋ. ಅದರ ನಡುವೇನೇ ನಮ್ಮ ಓಣಿ.”

ಅಣೆಕಟ್ಟು ಕಟ್ಟುವ ಮುಂಚೆ ಆ ನೀರಿನ ಜಾಗದಲ್ಲಿ ಊರಿತ್ತು. ಕೂಕಾ ಹುಟ್ಟಿದ್ದು, ಮದುವೆಯಾದದ್ದು ಅಲ್ಲಿ. ಆ ಊರಿನ ಸುದ್ದಿ ಅವಳು ಎತ್ತಿದ್ದೇ ಇಲ್ಲ; ಆ ಸರೋವರದ ಮೀನನ್ನು ಎಲ್ಲರಿಗೂ ಬಡಿಸಿ ತಾನು ಮಾತ್ರ ಹುರುಳಿಬೀಜದ ಗೊಜ್ಜು ತಿನ್ನುತ್ತಿದ್ದಳು. ಅಂದು ಮಾತ್ರ ಹಿಟ್ಟಿನ ಕೈಯಿಂದ ಮೇಜಿನ ಮೇಲೆ ಗೆರೆ ಎಳೆದಳು.

“ಎರಡು ಕಡೆ ಎದೆಯೆತ್ತರ ಕಲ್ಲುಬೇಲಿ. ನಡುವೆ ಎರಡು ಕತ್ತೆ ಅಕ್ಕಪಕ್ಕ ಹೋಗೋವಷ್ಟು ದಾರಿ. ಒಂದು ಕಡ್ಡಿ ಬೆಳೀತಿರ್ಲಿಲ್ಲ, ಹಾಗೆ ತುಳೀತಿದ್ವಿ. ಹಾಸುಬಂಡೆ ಬುಡದಲ್ಲಿ ನೀರಿನ ಒರತೆ. ಅಲ್ಲಿಂದ ಮೋಟುಗಿವಿ ಗುಡ್ಡಕ್ಕೆ ಮುಖ ಮಾಡಿ ನಡಿ. ಐದು ‘ನಮೋ ಮರಿಯೇ’ ಪ್ರಾರ್ಥನೆ ಹೇಳಿ ಮುಗ್ಸೋಕೂ ಓಣಿ ಬಲಕ್ಕೆ ತಿರುಗೋಕೂ ಸರಿಹೋಗುತ್ತೆ. ತಿರುವಿನಲ್ಲಿ ಕೊಡ ಇಳ್ಸೋ ಹೊರೆಗಲ್ಲು. ಅಲ್ಲಿಂದ ನೆಟ್ಟಗೆ ನಮ್ಮನೆ ಬಾಗಿಲು.”

ನಬೋರನ ಬಾಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ದೊಡ್ಡ ಲೋಬಿನಾ ಎಂದರೆ ಜಮೀನ್ದಾರ ಇದ್ದ ಹಾಗೆ: ನೆರಳಲ್ಲಿ ಕಲ್ಲಿಗೆ ಒರಗಿಕೊಂಡು, ದಾರಿಯಲ್ಲಿ ಹೋಗುವ ಚಿಕ್ಕವರನ್ನು ತಿಂದು ಬದುಕುತ್ತದೆ. ದಟ್ಟ ಕಾಡಿನ ನಡುವೆ ಚೊಕ್ಕವಾದ ಓಣಿ, ಆಚೀಚೆ ಬೇಲಿ, ತಿರುವಿನಲ್ಲಿ ಒಂದು ಕಲ್ಲು. ಅಂಥ ಜಾಗದಲ್ಲಿ ಅದು ಇಲ್ಲದೆ ಇನ್ನೆಲ್ಲಿರುತ್ತದೆ?

ಮಧ್ಯಾಹ್ನ ವೆಂಡೆಲನನ್ನು ಕೂರಿಸಿಕೊಂಡು ಹಾಸುಬಂಡೆಯ ಹತ್ತಿರ ಮೋಟಾರು ನಿಲ್ಲಿಸಿದ. ಗುಡ್ಡಕ್ಕೆ ಮುಖ ಮಾಡಿ, ಮನುಷ್ಯ ನಡೆಯುವ ವೇಗದಲ್ಲಿ ಹುಟ್ಟು ಹಾಕುತ್ತ ಪ್ರಾರ್ಥನೆ ಶುರುಮಾಡಿದ. ಎಳವೆಯಲ್ಲಿ ಕಲಿತದ್ದು, ಎರಡನೇ ಸಾಲಿಗೆ ಮೂರನೆಯದು ಬಂದು ಅಡರಿಕೊಳ್ಳುತ್ತಿತ್ತು. ವೆಂಡೆಲ್ ಏನೋ ಅಪಾಯವಿದೆ ಎಂದುಕೊಂಡು ತಾನೂ ಟೋಪಿ ತೆಗೆದ. ಐದು ಮುಗಿಯಿತು. ವೆಂಡೆಲನಿಂದ ಬಲಕ್ಕೆ ಗಾಳ ಎಸೆಸಿದ. ಮರ. ಎಡಕ್ಕೆ, ಮರ. ಮುಂದಕ್ಕೂ ಮರ. ಸಂಜೆಯೊಳಗೆ ಗಾಳಕ್ಕೆ ಸಿಕ್ಕಿಸಿದ ಆರು ರಬ್ಬರ್ ಹುಳುಗಳು ಜಾಲಿಕಾಡಿನ ಪಾಲಾದವು.

“ಮರ ತುಂಬ ಹಸಿವು,” ಎಂದ ವೆಂಡೆಲ್. ಸಿಡುಕಲಿಲ್ಲ, ನಕ್ಕ. ಆ ನಗು ನೋಡಿ ನಬೋರನಿಗೆ ಅಳು ಬರುವ ಹಾಗಾಯಿತು.

“ಅಲ್ಲೇನೂ ಇಲ್ಲ ಅತ್ತೆ, ನಿಮ್ಮ ಓಣಿ ಕರಗಿಹೋಗಿದೆ,” ಎಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ.

“ಹೇಗೆ ನಡೆದೆ?”

“ಎಲ್ಲರೂ ನಡೆಯೋ ಹಾಗೆ.”

“ಬರಿಗೈಯಲ್ಲಾ?”

“ಮತ್ತೆ?”

ಕೂಕಾ ಹಣೆ ಚಚ್ಚಿಕೊಂಡಳು. “ಅಯ್ಯೋ ಪೆದ್ದು ಮುಂಡೇದೇ! ಒರತೆಯಿಂದ ಮನೆಗೆ ಬರಿಗೈಯಲ್ಲಿ ಯಾರೋ ಬರ್ತಾರೆ? ತಲೆ ಮೇಲೆ ತುಂಬಿದ ಕೊಡ! ಹೋಗ್ತಾ ಹರಟೆ, ಬರ್ತಾ ಪ್ರಾರ್ಥನೆ. ಯಾಕೆ ಗೊತ್ತಾ? ಜೊತೇಲಿ ಬರೋ ಹುಡುಗೀರು ನಗಿಸ್ತಿದ್ರು. ನಕ್ರೆ ನೀರು ಚೆಲ್ಲುತ್ತೆ. ನಗು ಬರಬಾರ್ದು ಅಂತ ಮರಿಯಮ್ಮನ್ನ ಹಿಡ್ಕೊಳ್ತಿದ್ವಿ. ನೀನು ಬರಿಗೈಯಲ್ಲಿ ಹೋಗಿ ತಿರುವು ದಾಟಿ ಉರೀಯಾಸರ ಕಾವಲಿಗೆ ನುಗ್ಗಿದೀಯ.”

ಮೂರನೆಯ ದಿನದ ಬೆಳಿಗ್ಗೆಯೂ ಹಾಗೇ ಹೋಯಿತು. ಅತಿಥಿಗಳು ಮಲಗಿದ ಹೊತ್ತಿನಲ್ಲಿ ನಬೋರ್ ಅಡುಗೆಮನೆಯ ಹಿತ್ತಲಲ್ಲಿ ನೀರು ತುಂಬಿದ ಕೊಡವನ್ನು ತಲೆಗಿಟ್ಟುಕೊಂಡು ನಡೆಯಲು ನೋಡಿದ. ನಾಲ್ಕನೇ ಹೆಜ್ಜೆಗೆ ಕೊಡ ಅವನ ಬೆನ್ನಿಗೆ ಸ್ನಾನ ಮಾಡಿಸಿತು. ಪಾತ್ರೆ ಉಜ್ಜುತ್ತಿದ್ದ ಕೂಕಾ ನಕ್ಕು ನಕ್ಕು ಕೂತುಬಿಟ್ಟಳು.

“ಕತ್ತು ತಿರುಚಿದ ಕೋಳಿ ಹಾಗಿದೀಯ! ನಿನ್ನ ಕತ್ತಿಗೆ ಅದು ಬರಲ್ಲ ಬಿಡು.”

“ಹಾಗಾದ್ರೆ ನೀವೇ ಬನ್ನಿ ಅತ್ತೆ.” ನೀರು ಸೋರುತ್ತಿದ್ದ ಮುಖದಲ್ಲಿ ನಗುವಿರಲಿಲ್ಲ. “ಇವತ್ತು ಸಂಜೆಗೆ ನನ್ನ ಕತೆ ಮುಗೀತು. ನಾಳೆ ಬೆಳಿಗ್ಗೆ ಟೊಮ್ಯಾಟೊ ಲಾರಿ.”

“ಆ ನೀರಿಗೆ ಕಾಲಿಡಲ್ಲ ಅಂತ ಮೂವತ್ತೊಂದು ವರ್ಷದ ಹಿಂದೆ ಹೇಳಿದೀನಿ.”

“ಯಾರಿಗೆ?”

“ನೀರಿಗೇ.”

ಕೂಕಾ ಇನ್ನೊಂದು ಪಾತ್ರೆ ಉಜ್ಜಿದಳು, ಬೋರಲು ಹಾಕಿದಳು. ಆಮೇಲೆ ಸೆರಗಿಲ್ಲದ ಅಂಗಿಯ ತುದಿಗೇ ಕೈ ಒರೆಸಿಕೊಂಡು ಎದ್ದಳು. “ಕೂಕಾ ಹೇಳಿದ ಓಣಿ ಸುಳ್ಳು ಅಂತ ನೀನು ಟೊಮ್ಯಾಟೊ ತೋಟದಲ್ಲಿ ಕೂತು ಸಾರೋದು ಬೇಡ. ಹಿತ್ತಲ ಹಿಂದಿನ ದಡಕ್ಕೆ, ಈ ಪಾತ್ರೆ ತೊಳೆಯೋ ಮೂಲೆಗೆ ದೋಣಿ ತಾ. ಕಟ್ಟೆಗೆ ನಾನು ಬರಲ್ಲ, ಆ ಫಿಲೆಮೋನ ಬೊಗಳ್ತಾನೆ.”

ಮೂರು ಗಂಟೆಗೆ ವೆಂಡೆಲನನ್ನು ಕೂರಿಸಿಕೊಂಡು ಬಂದ ದೋಣಿ ದಡದಿಂದ ಮೂರು ಮೊಳ ದೂರ ನಿಂತಿತು. ನಬೋರ್ ಸೊಂಟದವರೆಗೆ ನೀರಿಗಿಳಿದು ಅವಳನ್ನು ಎತ್ತಿಕೊಂಡು ಒಳಗೆ ಕೂರಿಸಿದ, ಅಂಗಾಲು ಒದ್ದೆಯಾಗದಂತೆ. ಅವಳ ಮಾತು ಉಳಿಯಿತು. ವೆಂಡೆಲ್ ಎದ್ದು ತನ್ನ ಮೆತ್ತೆಯನ್ನು ಅವಳಿಗೆ ಹಾಸಿ, ತಾನು ಬರೀ ಹಲಗೆಯ ಮೇಲೆ ಕೂತ.

ಹಾಸುಬಂಡೆಯ ಬಳಿ ಕೂಕಾ ಗುಡ್ಡಗಳನ್ನು ಒಂದೊಂದಾಗಿ ನೋಡಿದಳು. ಅವು ಜಾಗ ಬಿಟ್ಟಿರಲಿಲ್ಲ. ಒಂದು ಕೈ ಎತ್ತಿ ತಲೆಯ ಮೇಲೆ, ಇಲ್ಲದ ಕೊಡದ ಅಂಚನ್ನು ಹಿಡಿದಳು. ತುಟಿ ಅಲ್ಲಾಡತೊಡಗಿತು. ನಬೋರ್ ಅವಳ ಕತ್ತನ್ನೇ ನೋಡುತ್ತ ಹುಟ್ಟು ಹಾಕಿದ. ಎಷ್ಟು ನಿಧಾನ! ಅವನು ನಿನ್ನೆ ಓಡಿದ್ದನೆಂದೇ ಹೇಳಬೇಕು. ಮೂರನೇ ಪ್ರಾರ್ಥನೆಯ ನಡುವೆ ಅವಳು ಥಟ್ಟನೆ ಬಲಕ್ಕೆ ವಾಲಿ, “ಹಚಾ!” ಎಂದಳು.

“ಏನತ್ತೆ?”

“ಚೋನಾಳ ಮನೆ ನಾಯಿ. ಇಲ್ಲೇ ಕಾಲಿಗೆ ಬರ್ತಿತ್ತು. ಮಾತಾಡಿಸಬೇಡ, ಎಣಿಕೆ ತಪ್ಪುತ್ತೆ.”

ಐದು ಮುಗಿದಾಗ ಕೈ ಇಳಿಸಿದಳು. “ಇಲ್ಲಿ. ಕತ್ತು ಹೇಳ್ತಿದೆ, ಕೊಡ ಇಳ್ಸು ಅಂತ.”

ನಬೋರ್ ಬಲಕ್ಕೆ ಬೆರಳು ತೋರಿಸಿದ. ವೆಂಡೆಲ್ ಎಸೆದ. ರಬ್ಬರ್ ಹುಳು ಇಳಿಯಿತು, ಇಳಿಯಿತು, ಯಾವುದಕ್ಕೂ ತಾಗದೆ ತಳ ಮುಟ್ಟಿತು. ಎರಡನೇ ಸಲ ಎಸೆದಾಗ ದಾರ ಒಂದು ಸಲ ಜುಮ್ಮೆಂದು, ಆಮೇಲೆ ಯಾರೋ ಬಾಗಿಲು ಎಳೆದುಕೊಂಡ ಹಾಗೆ ಬಿಗಿಯಾಯಿತು. ಗಾಳದ ಕೋಲು ಬಿಲ್ಲಾಯಿತು.

“ಎಳಿ! ಎತ್ತು! ದಾರ ಸಡಿಲ ಬಿಡ್ಬೇಡ!” ನಬೋರ್ ಕೂಗಿದ. ಮೀನು ಓಣಿಯ ಉದ್ದಕ್ಕೆ ಓಡಿತು, ನಿಂತಿತು, ಎಡಕ್ಕೆ ಹೊರಳಿತು.

ಕೂಕಾ ಎದ್ದು ನಿಂತಳು. ದೋಣಿ ತೂಗಾಡಿತು. “ಎಡಕ್ಕೆ ಬಿಡ್ಬೇಡ್ರೋ! ಅಲ್ಲಿ ಬೇಲಿ ಮುರಿದಿದೆ! ಆಡು ನುಗ್ಗೋ ಕಂಡಿ ಅದು, ಒಂದು ಸಲ ನುಗ್ಗಿದ್ರೆ ಕಾವಲಿನ ಒಳಗೆ!”

ವೆಂಡೆಲನಿಗೆ ಮಾತು ತಿಳಿಯಿತೋ ಇಲ್ಲವೋ, ಅವಳ ಕೈ ತಿಳಿಯಿತು. ಇಡೀ ಮೈಯನ್ನು ಬಲಕ್ಕೆ ಒಗೆದು ಕೋಲನ್ನು ನೀರಿಗೆ ಸಮ ಮಾಡಿ ಹಿಡಿದ. ದಾರ ಕಿಂಯ್ಗುಟ್ಟಿತು. ಮುದುಕ ಎಳೆಯುವುದನ್ನು ನಿಲ್ಲಿಸಲಿಲ್ಲ. ಕಂಡಿ ಸಿಗದ ಮೀನು ಮೇಲಕ್ಕೆ ಬಂತು. ನೀರನ್ನು ಒಡೆದು, ಬಾಯಿ ತೆರೆದು ತಲೆ ಒದರಿತು. ಆ ಬಾಯಿಯೊಳಗೆ ಮಗುವಿನ ತಲೆ ಹಿಡಿಸುತ್ತಿತ್ತು. ನಬೋರ್ ಕೈಬಲೆಯನ್ನು ಅದರ ಹೊಟ್ಟೆಯಡಿಗೆ ತೂರಿಸಿ ಎರಡೂ ಕೈಯಲ್ಲಿ ಎತ್ತಿದ.

ತಕ್ಕಡಿಯ ಮುಳ್ಳು ಹನ್ನೆರಡೂಕಾಲು ಪೌಂಡಿನ ಮೇಲೆ ನಿಂತಿತು. ವೆಂಡೆಲ್ ಫೋನಿನಲ್ಲಿ ಚಿತ್ರ ತೆಗೆದ. ಮೊದಲೆರಡರಲ್ಲಿ ಬರೀ ಆಕಾಶ ಬಂತು.

“ಹೊಟ್ಟೆ ತುಂಬ ಮೊಟ್ಟೆ ಇದೆ,” ಎಂದಳು ಕೂಕಾ, ಒದ್ದೆ ಬೆನ್ನನ್ನು ಸವರುತ್ತ. “ಬಿಡು ಬಿಡು, ಬೇಗ ಬಿಡು. ಬಸುರಿ ಮನೆ ಅದು.”

ದೊಡ್ಡದನ್ನು ಬಿಟ್ಟುಬಿಡುವುದು ಬಿಡಾರದ ಕಟ್ಟಳೆ. ವೆಂಡೆಲ್ ಅದನ್ನು ನೀರಲ್ಲಿ ಹಿಡಿದು ಹಿಂದೆ ಮುಂದೆ ಆಡಿಸಿದ. ಬಾಲ ಒಮ್ಮೆ ಅವನ ಮುಖಕ್ಕೆ ನೀರು ಚಿಮ್ಮಿತು, ಮೀನು ಓಣಿಗಿಳಿಯಿತು. ಮುದುಕ ಕೂಕಾಳ ಕಡೆ ತಿರುಗಿ, ಟೋಪಿಯನ್ನು ಎದೆಗೆ ಒತ್ತಿಕೊಂಡ.

“ಅಮ್ಮಾ. ನಿಮ್ಮ ದಾರಿ. ನನಗೆ ಕೊಟ್ಟಿರಿ. ದೊಡ್ಡ ಉಪಕಾರ.”

“ನಾನೇನು ಕೊಟ್ಟೆ,” ಎಂದಳು ಕೂಕಾ. ಆಮೇಲೆ ನೀರಿನ ಕಡೆ ತಿರುಗಿದಳು. “ಹೋಯ್ತು ಅನ್ಕೊಂಡಿದ್ದೆ ಕಣೋ ನಬೋರ್. ಇದೆ. ಕಂಡೀನೂ ಹಾಗೇ ಇದೆ. ಒಬ್ಬಳು ಸಂಸಾರ ಮಾಡ್ಕೊಂಡಿದಾಳೆ ಅಲ್ಲಿ. ನಿನಗೆ ಪುಣ್ಯ ಬರ್ಲಿ, ಕರ್ಕೊಂಡು ಬಂದೆ.”

ನಬೋರನಿಗೆ ಬೈಗುಳ ಸರಾಗವಾಗಿ ಬರುತ್ತಿತ್ತು. ಹರಸುವ ಮಾತು ಅವನಿಗೆ ಹೊಸದು. ಜೀವಮಾನದಲ್ಲಿ ಅವನಿಗೆ ಯಾರಾದರೂ ಏನಾದರೂ ಕೊಟ್ಟಿದ್ದರೆ ಮೊದಲು ಒಂದು ಏಟು ಕೊಟ್ಟೇ ಕೊಟ್ಟಿದ್ದರು. ಇವಳು ತನ್ನ ಕತ್ತಿನಲ್ಲಿ ಮೂವತ್ತೊಂದು ವರ್ಷ ಹೊತ್ತಿದ್ದನ್ನು ಸುಮ್ಮನೆ ಇಳಿಸಿಕೊಟ್ಟಿದ್ದಳು. ಪಾತ್ರೆ ತೊಳೆಯುವ ಮೂಲೆಯಲ್ಲಿ ಅವಳನ್ನು ಎತ್ತಿ ಒಣ ನೆಲದ ಮೇಲೆ ಇಳಿಸುವಾಗ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ಹಿಡಿದುಕೊಂಡಿದ್ದ.

“ಬಿಡೋ, ರಾತ್ರಿ ಅಡುಗೆ ಆಗ್ಬೇಕು,” ಎಂದಳು ಅವಳು.

ದೋಣಿಕಟ್ಟೆಯ ಮೇಲೆ ಸಂಜೆಯ ಗುಂಪು ಸೇರಿತ್ತು. ವೆಂಡೆಲ್ ಹಾರುವ ಹಾಗೆ ಇಳಿದು ಫೋನನ್ನು ಎಲ್ಲರ ಮೂಗಿಗೂ ಹಿಡಿದ. ತಕ್ಕಡಿಯ ಮುಳ್ಳು ಚೆನ್ನಾಗಿ ಕಾಣುತ್ತಿತ್ತು. ಅತಿಥಿಗಳು ಮುದುಕನ ಬೆನ್ನು ತಟ್ಟಿದರು. ಗೈಡುಗಳು ಚಿತ್ರವನ್ನೊಮ್ಮೆ, ನಬೋರನನ್ನೊಮ್ಮೆ ನೋಡಿದರು. ಫಿಲೆಮೋನ್ ಕೊನೆಗೆ ನೋಡಿದ, ಬಹಳ ಹೊತ್ತು ನೋಡಿದ.

“ಸರಿ. ಎಲ್ಲರ ಮುಂದೆ ಆಡಿದ ಮಾತು. ದೋಣಿ ನಿನ್ನದೇ,” ಎಂದ. ಆಮೇಲೆ ಹತ್ತಿರ ಬಂದ. “ಎಲ್ಲಿ ಸಿಕ್ತು?”

ನಬೋರ್ ಹಗ್ಗವನ್ನು ಗೂಟಕ್ಕೆ ಸುತ್ತಿದ.

“ಕಿವುಡಾ? ಎಲ್ಲೋ ಸಿಕ್ತು? ಯಂತ್ರ ಓದೋಕೆ ಬರದವನಿಗೆ ಯಾರು ತೋರಿಸಿದ್ರು? ಹೇಳೋಕೆ ಅಕ್ಷರ ಬೇಡ ಕಣೋ, ಬಾಯಿ ಇದ್ರೆ ಸಾಕು.”

ಯಾರೋ ನಕ್ಕರು. ಎರಡು ದಿನದಿಂದ ನಬೋರ್ ನಾಲಿಗೆಯ ಕೆಳಗೆ ಉತ್ತರಗಳನ್ನು ಮಸೆದು ಇಟ್ಟುಕೊಂಡಿದ್ದ. ಒಂದೊಂದೂ ಫಿಲೆಮೋನನ ಏಳು ತಲೆಮಾರನ್ನು ಮುಟ್ಟಿಬರುವಂಥವು. ಆದರೆ ಜಗಳದ ಭರದಲ್ಲಿ ಜಾಗದ ಹೆಸರು ಬಾಯಿಂದ ಬಿದ್ದರೆ ನಾಳೆ ಬೆಳಗಾಗುವಷ್ಟರಲ್ಲಿ ಒಂಬತ್ತು ದೋಣಿಗಳು ಆ ತಿರುವಿನ ಮೇಲೆ ನಿಂತು ಲಂಗರು ಬಿಡುತ್ತವೆ, ಬೇಲಿಯ ಕಲ್ಲು ಉರುಳುತ್ತದೆ. ಅಡುಗೆಮನೆಯ ಕಡೆಯಿಂದ ರೊಟ್ಟಿ ಬೇಯುವ ವಾಸನೆ ಬಂತು. ನಬೋರ್ ಗಂಟನ್ನು ಬಿಗಿದ, ಒದ್ದೆ ಕೈಬಲೆಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡ, ಫಿಲೆಮೋನನ ಪಕ್ಕದಲ್ಲೇ ಹಾದು ಆ ವಾಸನೆಯ ಕಡೆಗೆ ನಡೆದುಹೋದ.