ಬ್ರಿಸೇಡಾಳ ಹೆಸರಿನ ರಕ್ತ

ಹದಿನೈದರ ಅರಾಸೆಲಿಗೆ ಈಚೆಗೆ ಐಸ್ ತಿನ್ನುವ ಚಟ ಹತ್ತಿತ್ತು. ಶನಿವಾರ, ಭಾನುವಾರ ತಾನು ಕೂಲಿ ಮಾಡುವ ಫ್ಲೋರಿಡಾದ ಟೊಮೆಟೊ ಹೊಲದಲ್ಲಿ ಕುಡಿಯುವ ನೀರಿನ ಡ್ರಮ್ಮಿಗೆ ಹಾಕುವ ಐಸ್‌ಗಡ್ಡೆಗಳನ್ನು ಕದ್ದು ಕಟಕಟನೆ ಕಡಿಯುತ್ತಿದ್ದಳು. ಟೊಮೆಟೊ ತುಂಬಿದ ಬಕೆಟ್ಟು ಹೆಗಲಿಗೇರಿಸಿ ಟ್ರಕ್ಕಿನವರೆಗೆ ನಡೆದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಸೋಮವಾರ ಶಾಲೆಗೆ ಹೋದರೆ ಒಂದೇ ಸಾಲನ್ನು ನಾಲ್ಕು ಸಲ ಓದಿದರೂ ತಲೆಗೆ ಹತ್ತುತ್ತಿರಲಿಲ್ಲ. ಹೋದ ವರ್ಷ ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಲೆಕ್ಕ ಬಿಡಿಸಿ ಕೈ ಎತ್ತುತ್ತಿದ್ದ ಹುಡುಗಿ ಅವಳು.

"ಏನೇ, ನಿಂತಲ್ಲೇ ನಿದ್ದೆ ಹೊಡೀತಿದೀಯ? ನಿನ್ನಂಥೋಳಿಗೆ ಸ್ಕೂಲು ಬೇರೆ ಕೇಡು!" ಎಂದು ಮೇಸ್ತ್ರಿ ಎಲ್ಲರೆದುರು ನಗುತ್ತಿದ್ದ.

ಕೊನೆಗೆ ಅವ್ವ ಎವೋದಿಯಾ ಅವಳನ್ನು ಆಸ್ಪತ್ರೆಗೆ ಕರೆದೊಯ್ದಳು. ಕಾಗದಪತ್ರವಿಲ್ಲದೆ ಗಡಿ ದಾಟಿ ಬಂದ ಅರಾಸೆಲಿಗೆ ಸರ್ಕಾರಿ ಆರೋಗ್ಯ ಕಾರ್ಡಿಲ್ಲ. ಈ ದೇಶದಲ್ಲೇ ಹುಟ್ಟಿದ ಚಿಕ್ಕಮ್ಮನ ಮಗಳು ಬ್ರಿಸೇಡಾಗೆ ಇದೆ. ಅವಳದ್ದನ್ನೇ ತೋರಿಸಿದರು. ಕೂಲಿಗಳ ಆ ಕ್ಯಾಂಪಿನಲ್ಲಿ ಇದು ಯಾರಿಗೂ ವಿಶೇಷವಲ್ಲ. ಅರಾಸೆಲಿಯ ಅಪ್ಪನೇ ಏಳು ವರ್ಷದಿಂದ, ಊರಿಗೆ ಮರಳಿದ ಗೆಳೆಯನೊಬ್ಬನ ಹೆಸರಿನಲ್ಲಿ ಟೊಮೆಟೊ ಕೀಳುತ್ತಿದ್ದಾನೆ. ಮೇಸ್ತ್ರಿಗೂ ಗೊತ್ತು. ಗೊತ್ತಿರುವುದರಿಂದಲೇ ಅವನಿಗೆ ಅಷ್ಟು ಸೊಕ್ಕು. ಬೇರೆಯವರ ಹೆಸರಲ್ಲಿ ದುಡಿಯುವವನು ಯಾವ ಬಾಯಿಂದ ದೂರು ಕೊಡುತ್ತಾನೆ?

"ದಿನಾ ಏನು ತಿಂತೀಯಮ್ಮ?" ಡಾಕ್ಟರು ಕೇಳಿದರು.

"ರೊಟ್ಟಿ, ಖಾರ, ಸೋಡಾ."

"ರಕ್ತದಲ್ಲಿ ಕಬ್ಬಿಣಾನೇ ಇಲ್ಲ. ಐಸ್ ಕಡಿಯೋ ಚಟಾನೂ ಅದಕ್ಕೇ. ತಿಂಗಳು ತಿಂಗಳು ಹೋಗೋದು ಹೋಗ್ತಿದೆ, ಊಟದಲ್ಲಿ ಬರೋದು ಬರ್ತಿಲ್ಲ. ಮಿದುಳು ಕೆಲಸ ಮಾಡೋಕೂ ಅದು ಬೇಕು. ನೀನು ದಡ್ಡಿ ಅಲ್ಲ. ಆರು ತಿಂಗಳು ಮಾತ್ರೆ ತಗೋ. ನಿನ್ನ ಶಾಲೆಗೂ ಪತ್ರ ಬರೀತೀನಿ."

ಅರಾಸೆಲಿ ದಾರಿಯುದ್ದಕ್ಕೂ ಅತ್ತಳು, ಸಂತೋಷಕ್ಕೆ. ತಾನು ದಡ್ಡಿ ಅಲ್ಲ! ಆ ಪತ್ರ ಯಾರ ಹೆಸರಿನಲ್ಲಿ ಹೋಗುತ್ತದೆ ಎಂಬುದು ಅವಳಿಗಾಗಲಿ ಅವ್ವನಿಗಾಗಲಿ ಹೊಳೆಯಲೇ ಇಲ್ಲ.

ಮೂರು ವಾರಕ್ಕೆ ಶಾಲೆಯಿಂದ ಕರೆ ಬಂತು. ಮೇಜಿನಾಚೆ ಮಿಸೆಸ್ ಪ್ರೂಯಿಟ್, ಯಾವ ಮಗು ಯಾವ ತರಗತಿಗೆ ಎಂದು ತೀರ್ಮಾನಿಸುವ ಅಧಿಕಾರಿ. ಅವ್ವನಿಗೆ ಇಂಗ್ಲಿಷ್ ಬಾರದು. ಅವ್ವನ ಬುಡಕಟ್ಟಿನ ಮಿಶ್ತೆಕ್ ಮಾತು ಬಲ್ಲವರು ಶಾಲೆಯಲ್ಲಿಲ್ಲ. ಎಂದಿನಂತೆ ಮಗಳೇ ದುಭಾಷಿಯಾಗಿ ನಡುವೆ ಕೂತಳು.

"ನಿಮ್ಮ ಮಗಳಿಗೆ ಬುದ್ಧಿ ಪರೀಕ್ಷೆಯಲ್ಲಿ ತುಂಬ ಕಡಿಮೆ ಬಂದಿದೆ ಅಂತ ಹೇಳು. ಮಂದಬುದ್ಧಿ ಮಕ್ಕಳ ತರಗತಿಗೆ ಹಾಕ್ತೀವಿ. ಅಲ್ಲಿಂದ ಕಾಲೇಜಿಗೆ ಹೋಗೋಕಾಗಲ್ಲ, ಅದನ್ನೂ ಹೇಳು."

ಅರಾಸೆಲಿ ಒಂದಕ್ಷರ ಬಿಡದೆ ಹೇಳಿದಳು.

"ರಕ್ತದ್ ಇಚಾರ ಯೋಳವ್ವ!" ಎವೋದಿಯಾ ಮಗಳ ತೋಳು ಹಿಡಿದಳು. "ಡಾಕ್ಟ್ರು ಕಾಗ್ಜ ಬರ್ದವ್ರೆ ಅನ್ನು. ಆರು ತಿಂಗ್ಳು ತಡ್ಕೊಳ್ಳಿ ಅನ್ನು."

ಹೇಳಿದಳು. ಪ್ರೂಯಿಟ್ ಕಡತ ತಿರುವಿದಳು. "ಇದರಲ್ಲಿ ಯಾವ ಪತ್ರಾನೂ ಇಲ್ಲ." ಆಮೇಲೆ ಏನೋ ನೆನಪಾಗಿ ತಡೆದಳು. "ಬ್ರಿಸೇಡಾಗೆ ಒಂದು ಬಂದಿದೆ. ವಾಲಿಬಾಲ್ ಆಡ್ತಾಳಲ್ಲ, ಆ ಗುಂಡುಗುಂಡಗಿನ ಹುಡುಗಿ. ಪರೀಕ್ಷೇಲಿ ಅವಳಿಗೆ ಹೆಚ್ಚು ಸಮಯ ಕೊಟ್ಟಿದ್ದೀವಿ. ಅದು ನಿನ್ನ ಪತ್ರಾನಾ?"

ಅರಾಸೆಲಿ ಅವ್ವನ ಕಡೆ ತಿರುಗಿದಳು.

"ಹೌದಾದ್ರೆ ಬರೆದುಕೊಡಿ. ಇನ್ನೊಬ್ಬರ ಕಾರ್ಡ್ ಬಳಸಿದ್ದನ್ನ ನಾನು ಮೇಲಿನವರಿಗೆ ತಿಳಿಸಬೇಕಾಗುತ್ತೆ, ಅಷ್ಟೇ."

ಅಷ್ಟೇ! ಆ ಒಂದು ಹೆಸರು ಹೊರಬಿದ್ದು ವಿಚಾರಣೆ ಕ್ಯಾಂಪಿನವರೆಗೆ ಬಂದರೆ ಚಿಕ್ಕಮ್ಮ ಸಿಕ್ಕಿಬೀಳುತ್ತಾಳೆ, ಅಪ್ಪ ಸಿಕ್ಕಿಬೀಳುತ್ತಾನೆ, ಕ್ಯಾಂಪಿನಲ್ಲಿ ಯಾರು ಉಳಿಯುತ್ತಾರೆ? ಅರಾಸೆಲಿ ಅವ್ವನಿಗೆ ಎಲ್ಲವನ್ನೂ ತಿಳಿಸಿದಳು. ಎವೋದಿಯಾ ತೊಡೆಯ ಮೇಲಿನ ತನ್ನ ಕೈಗಳನ್ನು ನೋಡಿದಳು. ಉಗುರುಗಳ ಸಂದಿಯಲ್ಲಿ ಟೊಮೆಟೊ ಗಿಡದ ಕಪ್ಪು ಕೂತಿತ್ತು.

"ನಿಮ್ಮಪ್ಪನ್ ಕೆಲ್ಸ ಓಯ್ತದೆ ಕಣವ್ವ. ಅಲ್ಲ ಅಂದ್ಬುಡು."

"ಅಲ್ಲ ಮೇಡಂ," ಎಂದಳು ಅರಾಸೆಲಿ.

"ಹಾಗಾದ್ರೆ ಇದು ಕಾಯಿಲೆ ಅಲ್ಲ. ಹುಟ್ಟಿದ್ದೇ ಹೀಗೆ. ಅಮ್ಮನಿಗೆ ಹೇಳು."

ಅದನ್ನೂ ಅವಳೇ ಹೇಳಬೇಕಾಯಿತು. ಮಗಳ ಬಾಯಿಂದ ಮಗಳ ಮೇಲಿನ ತೀರ್ಪು ಕೇಳಿ ತಾಯಿ ಸಹಿ ಹಾಕಿದಳು. ನಾಚಿಕೆಯಾಗಬೇಕಾದವರಿಗೆ ಆಗಲಿಲ್ಲ.

"ಎಷ್ಟು ಚುರುಕಾಗಿ ಹೇಳ್ತೀಯ!" ಪ್ರೂಯಿಟ್ ಕಾಗದ ಎತ್ತಿಟ್ಟಳು. "ಹೊರಗೆ ನಿಮ್ಮವರೇ ಇನ್ನೊಬ್ಬರು ಕಾಯ್ತಿದ್ದಾರೆ. ಅವರಿಗೂ ಸ್ವಲ್ಪ ನಿಮ್ಮ ಮಾತಲ್ಲಿ ಹೇಳಿ ಹೋಗ್ತೀಯಾ?"

"ಮಂದಬುದ್ಧಿಯವಳು ಅಂತ ಈಗ ತಾನೇ ಬರೆದ್ರಲ್ಲ ಮೇಡಂ?"

ಪ್ರೂಯಿಟ್ ಕೇಳಿಸದವಳಂತೆ ಬಾಗಿಲು ತೆರೆದಳು.

ಬಂದವಳು ಕ್ಯಾಂಪಿನ ದೊರೋತೆಯಾ, ಹಿಂದೆಯೇ ಅವಳ ಮಗಳು. ಹುಡುಗಿಯ ತುಟಿಗಳು ಬಿಳಿಚಿಕೊಂಡಿದ್ದವು. ಅದೇ ಕಾಗದ ಮೇಜಿನ ಮೇಲೆ ಬಂತು, ಅದೇ ಮಾತು ಬಂತು. ಅರಾಸೆಲಿ ಅದನ್ನು ದಾಟಿಸಲಿಲ್ಲ.

"ದೊರೋತೆಯಾ ಅತ್ತೆ, ಸೈನ್ ಹಾಕ್‌ಬ್ಯಾಡಿ. ಇವ್ಳಿಗೂ ನನ್ನಂಗೇ ರಕ್ತ ಇಲ್ಲ. ಮೊದ್ಲು ಡಾಕ್ಟ್ರಿಗೆ ತೋರ್ಸಿ. ಇವ್ಳ್ ಹೆಸ್ರಲ್ಲೇ ತೋರ್ಸಿ."

"ಇವ್ಳ್ ಹೆಸ್ರಲ್ಲಿ ಕಾರ್ಡು ಎಲ್ಲೈತವ್ವ?" ದೊರೋತೆಯಾ ಪೆನ್ನಿಗೆ ಕೈ ಚಾಚಿದಳು.

"ಏನಂತಾರೆ?" ಪ್ರೂಯಿಟ್ ಕೇಳಿದಳು.

ಅರಾಸೆಲಿ ಮೇಜಿನ ಮೇಲಿನ ಪೆನ್ನನ್ನು ತಾನೇ ಮೊದಲು ಎತ್ತಿಕೊಂಡು ಮುಷ್ಟಿ ಬಿಗಿದಳು.

"ಸಹಿ ಹಾಕೋದಿಲ್ಲವಂತೆ ಮೇಡಂ."