ಪೂಜೆಗೆ ಕೂತ ಟ್ರೇಲರ್

ಶರಣುಗೆ ಡ್ರೈವಿಂಗ್ ಲೈಸೆನ್ಸ್ ಇರಲಿಲ್ಲ. ಬಂಕಾಪುರದ ಹೆದ್ದಾರಿ ಬದಿ ಅವನದೇ ಟೈರಿನ ಅಂಗಡಿಯಿತ್ತು. ಅಲ್ಲಿಗೆ ಹೋಗಬೇಕಾದರೂ ತಂಗಿ ವಾಣಿಶ್ರೀಯ ಸ್ಕೂಟಿಯ ಹಿಂದೆ ಕೂರುತ್ತಿದ್ದ. ಆದರೆ ಮನೆಯಲ್ಲಿ ಅವನ ಏಳು ಲಾರಿಗಳಿದ್ದವು. ಎಲ್ಲವೂ ಗೇಣುದ್ದದ ಲೋಹದ ಮಾದರಿಗಳು. ಹಿಂದಿನ ಕಾಲದಲ್ಲಿ ಆನೆ ಗಾತ್ರದ ಟ್ರಾನ್ಸ್‌ಫಾರ್ಮರ್‌ಗಳನ್ನು ಎಳೆಯುತ್ತಿದ್ದ ವಿದೇಶಿ ಗಾಡಿಗಳ ತದ್ರೂಪು.

ಎಂಟನೆಯದು ಕಪಾಟಿನ ಮೇಲೆ ಸೀಲು ಒಡೆಯದ ರಟ್ಟಿನ ಡಬ್ಬಿಯಲ್ಲಿತ್ತು. ಅದು ಲಾರಿಯ ಹಿಂದೆ ಕಟ್ಟುವ ಮೂವತ್ತೆರಡು ಗಾಲಿಯ ಟ್ರೇಲರ್. ಸೀಲು ಹರಿದರೆ, ಸಂಗ್ರಹ ಮಾಡುವವರ ಲೆಕ್ಕದಲ್ಲಿ, ಅದು ಬರೀ ಆಟಿಕೆ. ಹಾಗಾಗಿ ಐದು ವರ್ಷವಾದರೂ ಶರಣು ಅದನ್ನು ನೋಡಿರಲಿಲ್ಲ. ಆಗಾಗ ಡಬ್ಬಿ ಇಳಿಸಿ ಕೈಯಲ್ಲಿ ತೂಗುತ್ತಿದ್ದ.

"ಏನ್ ಭಾರ ಐತಿ! ಅಸಲಿ ಮಾಲು" ಎನ್ನುತ್ತಿದ್ದ.

ಅದನ್ನು ಎಳೆಯುವ ಲಾರಿ ಸವಣೂರಿನಲ್ಲಿತ್ತು. ಖಾರದ ತಿಂಡಿ ಅಂಗಡಿಯ ಮುಸ್ತಾಕ, ಶರಣು ಟ್ರೇಲರ್ ತರಿಸಿದ ತಿಂಗಳೇ, ಅವನಂತೆ ಫೋನಿನಲ್ಲೇ, ಅದೇ ಮಾರಾಟಗಾರನಿಂದ ತರಿಸಿದ್ದ. ಅವನೂ ಸೀಲು ಒಡೆದಿರಲಿಲ್ಲ. ಆ ಜೋಡಿ ತನ್ನ ಕಪಾಟಿನ ಮೇಲೆ ಕೂಡಬೇಕೆಂದು ಶರಣು ಐದು ವರ್ಷದಿಂದ ಮುಸ್ತಾಕನ ಬೆನ್ನು ಬಿದ್ದಿದ್ದ. ಕೊನೆಗೆ ಮುಸ್ತಾಕನ ಹೆಂಡತಿ ತಹಮೀನಾ, "ಮಕ್ಳು ಮುಟ್ಟಂಗಿಲ್ಲ, ನೀವೂ ನೋಡಂಗಿಲ್ಲ, ಮತ್ತ್ಯಾಕ ಜಾಗಾ ಹಿಡದೈತಿ ಅದು?" ಎಂದು ಜಗಳ ತೆಗೆದ ಮೇಲೆ ಅವನು ಒಪ್ಪಿದ. ಮಕ್ಕಳಿಗೆ ಆಡಲು ಮೂರು ಲಾರಿ ಕೊಟ್ಟರೆ ಸೀಲಿನ ಲಾರಿ ಶರಣುಗೆ. ಆದರೆ ಜೋಡಿ ಕೆಡಬಾರದು, ಟ್ರೇಲರಿನ ಸೀಲನ್ನು ಮೊದಲು ತಾನು ಕಣ್ಣಾರೆ ನೋಡಬೇಕು ಎಂಬುದು ಮುಸ್ತಾಕನ ಷರತ್ತು.

ಖಂಡೆಪೂಜೆಯ, ಅಂದರೆ ಆಯುಧಪೂಜೆಯ, ಸಂಜೆ ಮುಸ್ತಾಕ ಲಾರಿಯ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ಅಂಗಡಿಯ ಪೂಜೆ ಮುಗಿಸಿ ಬಂದ ಶರಣು ಸ್ಕೂಟಿಯಿಂದ ಇಳಿದು ಅವನನ್ನು ಒಳಗೆ ಕರೆದೊಯ್ದ.

ಪಡಸಾಲೆಯಲ್ಲಿ ಏಳು ಲಾರಿಗಳು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ತಲಾ ಒಂದು ನಿಂಬೆಹಣ್ಣಿನೊಂದಿಗೆ ಸಾಲಾಗಿ ನಿಂತಿದ್ದವು. ಸಾಲಿನ ಕೊನೆಗೆ ಚೆಂಡುಹೂವಿನ ಮಾಲೆ ಹಾಕಿಕೊಂಡು ಒಂದು ಇಟ್ಟಿಗೆ ಕೂತಿತ್ತು. ಪಕ್ಕದಲ್ಲಿ ಹರಿದ ಡಬ್ಬಿ.

"ಅವ್ವಾ, ಇದೇನ?"

"ನಿನ್ನ ಟ್ರೇಲರ್ ಅಲ್ಲೇನೋ?" ಎಂದಳು ಸರೋಜವ್ವ. "ವರ್ಷಾ ವರ್ಷಾ ಇದೊಂದಕ್ಕ ಪೂಜಿ ತಪ್ಪತಿತ್ತು. ಕುಡಗೋಲಿಲೆ ಸೀಲ್ ಕೊಯ್ದೆ."

"ಇದರಾಗ ಇದ ಇತ್ತು?"

"ಕಾಗದದಾಗ ಸುತ್ತಿಟ್ಟಿದ್ರಪಾ. ನನಗೂ ಸಂಶೇ ಬಂತು. ಆದ್ರ ಐದು ವರ್ಷ ನೀ ಇದರ ಧೂಳಾ ಒರಿಸೀದಿ, ಏನರ ಇರಬೇಕು ಅಂತ ಪೂಜಿ ಮಾಡಿಬಿಟ್ಟೆ. ಗಾಲಿ ಎಲ್ಲಿ ಅದಾವ ಅಂತ ತಿಳೀಲಿಲ್ಲ. ಮೂಲಿಗೊಂದು ನಿಂಬಿಹಣ್ಣ ಇಟ್ಟೇನಿ."

ವಾಣಿಶ್ರೀ ಓಢಣಿಯಿಂದ ಬಾಯಿ ಮುಚ್ಚಿಕೊಂಡಳು. "ಅಸಲಿ ಮಾಲ ಐತಿ ಬಿಡಣ್ಣಾ. ಚೊಲೋ ಸುಟ್ಟಾರ."

ಮುಸ್ತಾಕ ನಗಲಿಲ್ಲ. ಕಂಕುಳಿನ ಡಬ್ಬಿಯನ್ನು ಮೆಲ್ಲಗೆ ಕೈಗೆ ತೆಗೆದುಕೊಂಡು ತೂಗಿ ನೋಡಿದ.

"ತರ್ರಿ ಭಾಯಿ, ಅದನ್ನೂ ಕೊಯ್ದ ನೋಡೂಣು" ಎಂದು ಸರೋಜವ್ವ ಕುಡಗೋಲಿಗೆ ಕೈ ಹಾಕಿದಳು.

"ಬ್ಯಾಡ್ರಿ ಅವ್ವಾರ!" ಮುಸ್ತಾಕ ಗೋಡೆಗೆ ಸರಿದ. "ನಂದು ಇನ್ನೂ ಲಾರಿ ಐತ್ರಿ."

ಆಮೇಲೆ ಗಂಟಲು ಸರಿಮಾಡಿಕೊಂಡ. "ಶರಣು, ಮೂರು ಯಾಕ? ನನಗ ಮಕ್ಳು ಇಬ್ಬರ ಅದಾರ. ಎರಡ ಕೊಡು, ಇದನ್ನ ಇಟ್ಕೋ."

"ನಿನ್ನಿ ಮೂರು ಅಂದಿದ್ರಿ?" ಎಂದು ಶರಣು ಕೇಳಿದ.

"ಹಬ್ಬ ಐತಲ್ಲಪಾ."

"ಅಣ್ಣಾ, ಒಡದು ನೋಡಿ ತಗೋ" ಎಂದಳು ವಾಣಿಶ್ರೀ.

"ಒಡದ್ರ ಕಿಮ್ಮತ್ತು ಹೊಕ್ಕೈತಿ" ಎಂದ ಶರಣು. ಸಾಲಿನಿಂದ ಎರಡು ಲಾರಿಗಳನ್ನು ವಿಭೂತಿ ಸಮೇತ ಎತ್ತಿಕೊಟ್ಟ. ಮುಸ್ತಾಕ ಚಹಾಕ್ಕೂ ನಿಲ್ಲಲಿಲ್ಲ.

ವಾಣಿಶ್ರೀ ಒಂದು ಕೈಯಲ್ಲಿ ಇಟ್ಟಿಗೆ, ಇನ್ನೊಂದರಲ್ಲಿ ಹೊಸ ಡಬ್ಬಿ ಹಿಡಿದು ತಕ್ಕಡಿಯಂತೆ ನಿಂತಳು.

"ಸಮಾ ಐತಿ, ಅಣ್ಣಾ."

"ಲಾರೀನೂ ಅಷ್ಟ ಭಾರ ಇರ್ತೈತಿ. ಇಡು ಕೆಳಗ!"

ಡಬ್ಬಿ ಕಪಾಟಿನ ಮೇಲೆ ಹೋಯಿತು. ಇಟ್ಟಿಗೆ, ಗಾಳಿಗೆ ಬಡಿದುಕೊಳ್ಳುತ್ತಿದ್ದ ಹಿತ್ತಲ ಬಾಗಿಲಿಗೆ ಆಸರೆಯಾಯಿತು.

ಆ ಹಬ್ಬದಲ್ಲಿ ಶರಣು ಕಳೆದುಕೊಂಡದ್ದು ಟ್ರೇಲರ್ ಒಂದು, ಲಾರಿ ಎರಡು, ನಿಂಬೆಹಣ್ಣು ಹನ್ನೊಂದು.